ಪಣಕ್ಕಿಟ್ಟ ಕಾಲು ಯಾರದು?

ಕಳೆದ ಚಳಿಗಾಲದ ಒಂದು ಭಾನುವಾರ. ಸಂಘದ ಸಭಾಗೃಹದಲ್ಲಿ ಉಪನ್ಯಾಸ ಮುಗಿದು ಕಾಫಿ ಹಂಚುವ ಹೊತ್ತಿಗೆ ನಮ್ಮ ಹಿರಿಯ ಮಿತ್ರರೊಬ್ಬರು ತಡವಾಗಿ ಬಂದರು. ಮಹಾಲಕ್ಷ್ಮಿಯ ರೇಸ್ ಕೋರ್ಸಿನಿಂದ ನೇರವಾಗಿ ಬಂದವರೆಂಬುದನ್ನು ಅವರ ಜೇಬಿನಿಂದ ಇಣುಕುತ್ತಿದ್ದ ರೇಸ್ ಪುಸ್ತಕವೇ ಹೇಳುತ್ತಿತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಸಂಘದ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾಗಲು ಬಿಟ್ಟವರಲ್ಲ. ಕಾಫಿಯ ಲೋಟ ಹಿಡಿದಿದ್ದ ಒಬ್ಬರು, "ಏನು ರಾಯರೆ, ಬಾಯಿಲ್ಲದ ಪ್ರಾಣಿಯ ಕಾಲು ಮುರಿಸಿ ನೋಡುವ ಸಂತೋಷ ಅದೆಂಥದು?" ಎಂದು ಕೆಣಕಿದರು. ರಾಯರು ಸಿಟ್ಟಾಗಲಿಲ್ಲ. "ಸ್ವಾಮಿ, ನೀವಿನ್ನೂ ಹಳೆಯ ಕಾಲದಲ್ಲೇ ಇದ್ದೀರಿ. ಇಂಗ್ಲೆಂಡು, ಅಮೆರಿಕಗಳಲ್ಲಿ ಮೇಣ, ರಬ್ಬರು ಬೆರೆಸಿದ ಟ್ರ್ಯಾಕು ಹಾಕಿದ್ದಾರೆ. ಅದರ ಮೇಲೆ ಕುದುರೆ ಬೀಳುವುದು ಕಡಿಮೆ. ನಾಳೆ ಅದು ಇಲ್ಲಿಗೂ ಬಂತೆನ್ನಿ, ಆಗ ನಿಮ್ಮ ಆಕ್ಷೇಪಣೆ ಏನು ಉಳಿಯಿತು?" ಎಂದು ಮರುಪ್ರಶ್ನೆ ಹಾಕಿದರು.

ಅಂದು ನಮ್ಮಲ್ಲಿ ಯಾರಿಂದಲೂ ಸರಿಯಾದ ಉತ್ತರ ಬರಲಿಲ್ಲ. ನಕ್ಕು ತೇಲಿಸಿಬಿಟ್ಟೆವು. ಆದರೆ ಅದು ನಕ್ಕು ತೇಲಿಸುವ ಪ್ರಶ್ನೆಯಲ್ಲ. ಒಂದು ಕೆಲಸದಿಂದ ಆಗುವ ಕೇಡು ಕಡಿಮೆಯಾದರೆ ಆ ಕೆಲಸವೇ ನಿರ್ದೋಷವಾಗುತ್ತದೆಯೇ? ವಾಚಕರೊಡನೆ ಇದನ್ನು ಕೊಂಚ ಸಮಾಧಾನದಿಂದ ವಿಚಾರಿಸಬೇಕೆಂದು ತೋರಿದೆ.

ಮೊದಲು ರಾಯರ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ನಮ್ಮ ಮಹಾಲಕ್ಷ್ಮಿಯಲ್ಲಿ ಕುದುರೆಗಳು ಹುಲ್ಲಿನ ಮೇಲೆ ಓಡುತ್ತವೆ. ಅಮೆರಿಕದಲ್ಲಿ ಹೆಚ್ಚಿನ ಓಟಗಳು ಮಣ್ಣಿನ ಮೇಲೆ. ಇವೆರಡೂ ಅಲ್ಲದ ಮೂರನೆಯ ಬಗೆಯೇ ಸಿಂಥೆಟಿಕ್ ಟ್ರ್ಯಾಕ್. ನಯವಾದ ಮರಳಿಗೆ ಕೃತಕ ನೂಲಿನ ಎಳೆಗಳನ್ನೂ ರಬ್ಬರಿನ ಚೂರುಗಳನ್ನೂ ಬೆರೆಸಿ, ಎಲ್ಲಕ್ಕೂ ಮೇಣ ಸವರುತ್ತಾರೆ. ಅಡಿಯಲ್ಲಿ ನೀರು ಇಂಗಿಹೋಗುವ ಪದರವಿರುತ್ತದೆ. ಮಳೆ ಬಂದರೂ ಕೆಸರಾಗದು. ಗೊರಸು ಊರಿದಾಗ ನೆಲ ಒಂದಿಷ್ಟು ಬಳುಕಿ ಪೆಟ್ಟನ್ನು ತಾನೇ ನುಂಗುತ್ತದೆ. ಬ್ರಿಟನ್ನಿನ ಲಿಂಗ್‌ಫೀಲ್ಡ್‌ನಲ್ಲಿ 1989ರಲ್ಲಿ ಇಂಥ ಎಲ್ಲ ಹವೆಯ ಟ್ರ್ಯಾಕಿನ ಮೇಲೆ ಓಟಗಳು ಆರಂಭವಾದವು. ಅಮೆರಿಕದಲ್ಲಿ ಮೊದಲು ಅದನ್ನು ಹಾಕಿದ್ದು ಕೆಂಟಕಿಯ ಟರ್ಫ್‌ವೇ ಪಾರ್ಕ್, 2005ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯದ ರೇಸ್ ಮಂಡಳಿಯು ತನ್ನ ರಾಜ್ಯದ ದೊಡ್ಡ ರೇಸ್ ಕೋರ್ಸುಗಳೆಲ್ಲ 2007ರ ಕೊನೆಯೊಳಗೆ ಮಣ್ಣನ್ನು ತೆಗೆದು ಸಿಂಥೆಟಿಕ್ ಹಾಕತಕ್ಕದ್ದೆಂದು ಕಟ್ಟಳೆ ಮಾಡಿತು.

ಫಲ ಸಿಕ್ಕಿತೆ? ಅಮೆರಿಕದ ಜಾಕಿ ಕ್ಲಬ್ಬು ಇಟ್ಟಿರುವ ಗಾಯಗಳ ದಾಖಲೆಯಂತೆ, 2009ರಲ್ಲಿ ಎಲ್ಲ ಬಗೆಯ ಟ್ರ್ಯಾಕುಗಳನ್ನೂ ಸೇರಿಸಿ, ಸಾವಿರ ಸಲ ಕುದುರೆ ಓಟಕ್ಕಿಳಿದರೆ ಎರಡು ಸಲ ಅದು ಜೀವಕ್ಕೇ ಮುಳುವಾಗುತ್ತಿತ್ತು. ಬೇರೆ ಬೇರೆಯಾಗಿ ಲೆಕ್ಕ ಹಾಕಿದಾಗ, ಸಾಮಾನ್ಯವಾಗಿ ವರ್ಷ ವರ್ಷವೂ ಸಿಂಥೆಟಿಕ್ ಮೇಲಿನ ಸಾವುಗಳು ಮಣ್ಣಿನ ಮೇಲಿನವಕ್ಕಿಂತ ಕಡಿಮೆಯೇ. ಇದು ಒಳ್ಳೆಯದಲ್ಲವೆಂದು ಯಾವ ಬಾಯಿಯಿಂದ ಹೇಳುವುದು? ಉಳಿದ ಕುದುರೆಗೆ ತನ್ನ ಪ್ರಾಣ ಅಂಕಿಸಂಖ್ಯೆಯಲ್ಲ.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆಮೇಲೆ ನಡೆದದ್ದರಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿದೆ.

ಮಣ್ಣಿನ ಮೇಲೆ ಆರಂಭದಲ್ಲಿಯೇ ಮುನ್ನುಗ್ಗುವ ಕುದುರೆಗೆ ಅನುಕೂಲ ಹೆಚ್ಚು. ಹಿಂದೆ ಬರುವವುಗಳ ಮುಖಕ್ಕೆ ಮಣ್ಣು ಎರಚುತ್ತದೆ. ಸಿಂಥೆಟಿಕ್ ಮೇಲೆ ಆ ಅನುಕೂಲ ತಗ್ಗಿತು. ಹಿಂದಿನಿಂದ ಬಂದು ಕೊನೆಯಲ್ಲಿ ವೇಗ ತೋರುವ ಕುದುರೆಗಳು, ಹುಲ್ಲಿನ ಮೇಲೆ ಪಳಗಿದ ಕುದುರೆಗಳು ಮೇಲುಗೈ ಪಡೆಯತೊಡಗಿದವು. 2008ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಅನಿತಾದಲ್ಲಿ ಬ್ರೀಡರ್ಸ್ ಕಪ್ ಕ್ಲಾಸಿಕ್ ಎಂಬ ಮಹಾ ಓಟ ಸಿಂಥೆಟಿಕ್ ಮೇಲೆ ನಡೆದಾಗ, ಯುರೋಪಿನಿಂದ ಬಂದ ರೇವನ್ಸ್ ಪಾಸ್ ಗೆದ್ದಿತು. ಹಿಂದಿನ ವರ್ಷ ಅದೇ ಓಟವನ್ನು ಮಣ್ಣಿನ ಮೇಲೆ ಗೆದ್ದಿದ್ದ ಕರ್ಲಿನ್ ನಾಲ್ಕನೆಯದಾಯಿತು. ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿಗಳು, ಕಾಲಮಾನಗಳು, ಸೂತ್ರಗಳು ಬಾಜಿ ಕಟ್ಟುವವರ ಕೈಯಲ್ಲಿ ಒಮ್ಮೆಲೇ ಹಳೆಯ ನೋಟುಗಳಂತಾದವು. "ಈ ಟ್ರ್ಯಾಕು ನಮಗೆ ಅರ್ಥವಾಗುವುದಿಲ್ಲ" ಎಂಬ ಗೊಣಗಾಟ ಎಲ್ಲೆಡೆಯೂ ಕೇಳಿಬಂತು.

ಸಾಂತಾ ಅನಿತಾ 2010ರಲ್ಲಿ ಮಣ್ಣಿಗೆ ಮರಳಿತು. ಕೆಂಟಕಿಯ ಕೀನ್‌ಲ್ಯಾಂಡ್ 2014ರಲ್ಲಿ, ಕ್ಯಾಲಿಫೋರ್ನಿಯದ ಡೆಲ್ ಮಾರ್ 2015ರಲ್ಲಿ ಅದೇ ದಾರಿ ಹಿಡಿದವು. ನ್ಯಾಯವಾಗಿ ಹೇಳಬೇಕೆಂದರೆ ಇದೆಲ್ಲಕ್ಕೂ ಬಾಜಿದಾರರೇ ಕಾರಣರಲ್ಲ. ಸಾಂತಾ ಅನಿತಾದ ಟ್ರ್ಯಾಕಿನಲ್ಲಿ ನೀರು ಇಂಗದೆ ತೊಂದರೆಯಾಯಿತು. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಮೇಣದ ಗುಣ ಬೇರೆಯಾಗುತ್ತಿತ್ತು. ಬೇರೆ ತರಹದ ಕಾಲುನೋವು ಬರುತ್ತದೆಂದು ದೂರಿದ ತರಬೇತುದಾರರೂ ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಕೆಂಟಕಿ ಡರ್ಬಿಯಂಥ ದೊಡ್ಡ ಪ್ರತಿಷ್ಠೆಯ ಓಟ ಮಣ್ಣಿನದು; ಅದಕ್ಕಾಗಿ ಕುದುರೆ ಸಾಕುವವರಿಗೆ ಮಣ್ಣೇ ಬೇಕು. ಆದರೂ ಒಂದು ಮಾತು ಉಳಿಯುತ್ತದೆ. ಕುದುರೆಯ ಕ್ಷೇಮವೂ ತಮ್ಮ ಲೆಕ್ಕಾಚಾರವೂ ಎದುರುಬದುರು ನಿಂತಾಗ, ಕುದುರೆಯನ್ನು ಪ್ರೀತಿಸುತ್ತೇವೆಂದು ಹೇಳುವ ಎಷ್ಟೋ ಮಂದಿ ಲೆಕ್ಕಾಚಾರದ ಪಕ್ಷವನ್ನೇ ವಹಿಸಿದರು. ಅದೇ ಸಾಂತಾ ಅನಿತಾದಲ್ಲಿ, ಮಳೆ ಹೆಚ್ಚಾಗಿದ್ದ 2018-19ರ ಋತುವಿನಲ್ಲಿ, ಮೂವತ್ತರಷ್ಟು ಕುದುರೆಗಳು ಸತ್ತು ದೇಶವೇ ಬೆಚ್ಚಿಬಿದ್ದಿತು.

ಇಲ್ಲಿ ನಮಗೆ ಮಹಾಭಾರತದ ನಳ ನೆನಪಾಗುತ್ತಾನೆ. ನಳನಿಗೆ ಅಶ್ವಹೃದಯ ತಿಳಿದಿತ್ತು, ಋತುಪರ್ಣನಿಗೆ ಅಕ್ಷಹೃದಯ. ಒಬ್ಬನು ಕುದುರೆಯ ಅಂತರಂಗ ಬಲ್ಲವನು, ಇನ್ನೊಬ್ಬನು ದಾಳದ ಮತ್ತು ಎಣಿಕೆಯ ಮರ್ಮ ಬಲ್ಲವನು. ದಾರಿಯಲ್ಲಿ ಇಬ್ಬರೂ ವಿದ್ಯೆಗಳನ್ನು ಅದಲುಬದಲು ಮಾಡಿಕೊಂಡರು. ಇವು ಎರಡು ಬೇರೆ ಬೇರೆ ವಿದ್ಯೆಗಳು ಎಂಬುದನ್ನು ನಮ್ಮ ಹಿಂದಿನವರು ಸ್ಪಷ್ಟವಾಗಿ ಕಂಡಿದ್ದರು. ರೇಸಿಗೆ ಹೋಗುವವನು ತನ್ನದು ಅಶ್ವಹೃದಯವೆಂದು ತಿಳಿದಿರುತ್ತಾನೆ. ಬಹುಪಾಲು ಅದು ಅಕ್ಷಹೃದಯವೇ. ನೆಲವನ್ನು ಬದಲಿಸಿದೊಡನೆ ಆ ಭ್ರಮೆ ಬಯಲಾಯಿತು.

ಇದು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ಚರ್ಚೆ ನಮ್ಮ ದೇಶದಲ್ಲಿಯೂ ನಡೆದಿದೆ. ತಮಿಳುನಾಡು 1974ರಲ್ಲಿ ಕುದುರೆ ಜೂಜನ್ನು ನಿಲ್ಲಿಸಲು ಕಾಯಿದೆ ಮಾಡಿತ್ತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1996ರಲ್ಲಿ ನ್ಯಾಯಾಲಯವು ಕುದುರೆ ರೇಸು ಪ್ರಧಾನವಾಗಿ ಜಾಣ್ಮೆಯ ಆಟ, ಬರಿಯ ಜೂಜಲ್ಲ ಎಂದು ತೀರ್ಪಿತ್ತಿತು. ನಮ್ಮ ರಾಯರು ಈ ತೀರ್ಪನ್ನು ಮಂತ್ರದಂತೆ ಉಚ್ಚರಿಸುತ್ತಾರೆ. ಕಾನೂನಿನ ಮಟ್ಟಿಗೆ ಅದು ಸರಿ, ನಮಗೇನೂ ತಕರಾರಿಲ್ಲ. ಆದರೆ ಜಾಣ್ಮೆ ಇದೆಯೆಂಬುದು ಒಂದು ಮಾತು. ಆ ಜಾಣ್ಮೆಗೆ ಬೆಲೆ ತೆರುವವರು ಯಾರೆಂಬುದು ಬೇರೆಯೇ ಮಾತು.

2008ರ ಕೆಂಟಕಿ ಡರ್ಬಿ ಮಣ್ಣಿನ ಮೇಲೆ ನಡೆಯಿತು. ಏಯ್ಟ್ ಬೆಲ್ಸ್ ಎಂಬ ಹೆಣ್ಣು ಕುದುರೆ ಗಂಡು ಕುದುರೆಗಳ ನಡುವೆ ಓಡಿ ಎರಡನೆಯದಾಗಿ ಬಂದಿತು. ಗುರಿಗೆರೆ ದಾಟಿ ವೇಗ ತಗ್ಗಿಸುತ್ತಿದ್ದಾಗ ಅದರ ಮುಂಗಾಲುಗಳೆರಡೂ ಮುರಿದವು. ಅಲ್ಲಿಯೇ ಅದಕ್ಕೆ ದಯಾಮರಣ ಕೊಡಬೇಕಾಯಿತು. ಸಿಂಥೆಟಿಕ್ ಟ್ರ್ಯಾಕಾಗಿದ್ದರೆ ಅದು ಬದುಕುತ್ತಿತ್ತೆಂದು ನಾವು ಹೇಳುವುದಿಲ್ಲ. ನಮ್ಮನ್ನು ಕಾಡುವುದು ಬೇರೆ ಸಂಗತಿ. ಅದು ಎರಡನೆಯದಾಗಿ ಬರುವುದೆಂದು ಹಣ ಕಟ್ಟಿದ್ದವರಿಗೆ ಗೆದ್ದ ಹಣ ನಿಯಮದಂತೆ ಪಾವತಿಯಾಯಿತು. ಅದರಲ್ಲಿ ಮೋಸವೇನೂ ಇರಲಿಲ್ಲ. ಲೆಕ್ಕ ಸರಿಯಾಗಿತ್ತು. ಹಾಗೆ ಸರಿಯಾದ ಲೆಕ್ಕವನ್ನು ಕೈಯಲ್ಲಿ ಹಿಡಿದವನಿಗೆ ಒಂದು ಗಳಿಗೆಯಾದರೂ ಕೈ ನಡುಗಿರಬೇಕೆಂದು ನಾವು ನಂಬಲು ಇಚ್ಛಿಸುತ್ತೇವೆ.

"ಬಾಜಿಯೇ ಇಲ್ಲದಿದ್ದರೆ ಈ ಕುದುರೆಗಳು ಹುಟ್ಟುತ್ತಲೇ ಇರಲಿಲ್ಲವಲ್ಲ" ಎಂಬ ವಾದವೂ ಉಂಟು. ನಿಜ. ಲಾಯ, ಮೇವು, ವೈದ್ಯ, ಸವಾರ, ಎಲ್ಲದರ ಹಿಂದೆಯೂ ಬಾಜಿಯ ಹಣವಿದೆ. ಆದರೆ ನಮ್ಮ ಬಯಕೆಗಾಗಿ ಒಂದು ಜೀವವನ್ನು ಲೋಕಕ್ಕೆ ಕರೆತಂದೆವಾದರೆ ಅದರ ಋಣ ನಮಗೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಕ್ಕಳನ್ನು ಹೆತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜೂಜಿನ ವಿಚಾರದಲ್ಲಿ ನಮ್ಮ ಪರಂಪರೆ ಎತ್ತಿದ ಅತ್ಯಂತ ಹರಿತವಾದ ಪ್ರಶ್ನೆ ಧರ್ಮರಾಯನದಲ್ಲ, ದ್ರೌಪದಿಯದು. ಜೂಜು ಒಳ್ಳೆಯದೋ ಕೆಟ್ಟದೋ ಎಂದು ಅವಳು ಕೇಳಲಿಲ್ಲ. ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಕೇಳಿದಳು. ಅಂದರೆ, ಪಣಕ್ಕಿಟ್ಟದ್ದು ಇಟ್ಟವನದಾಗಿತ್ತೆ? ಆ ಸಭೆಯಲ್ಲಿ ಭೀಷ್ಮರಿಗೂ ನೇರವಾದ ಉತ್ತರ ಹೊಳೆಯಲಿಲ್ಲ. ರೇಸಿನಲ್ಲಿ ನಾವು ಕಟ್ಟುವುದು ನಮ್ಮ ಹಣವೆಂದು ತಿಳಿದಿದ್ದೇವೆ. ಅದರ ಜೊತೆಗೆ, ಹೇಳದೆ ಕೇಳದೆ, ಕುದುರೆಯ ಕಾಲನ್ನೂ ಕಟ್ಟಿರುತ್ತೇವೆ. ಆ ಕಾಲು ನಮ್ಮದಲ್ಲ. ಕುದುರೆ ಒಪ್ಪಿಗೆ ಕೊಟ್ಟದ್ದಿಲ್ಲ.

ಹಣವಾದರೂ ಪೂರ್ತಿ ನಮ್ಮದೇ? ನಾವು ಈ ಊರಿಗೆ ಬಂದ ಹೊಸತರಲ್ಲಿ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಊಟ ಮಾಡುತ್ತಿದ್ದೆವು. ಅಲ್ಲಿ ಬಡಿಸುತ್ತಿದ್ದ ಹುಡುಗನೊಬ್ಬ ತಿಂಗಳ ಮೊದಲ ವಾರ ನಮ್ಮ ಕೈಯಲ್ಲಿ ಊರಿಗೆ ಮನಿಯಾರ್ಡರ್ ಫಾರಂ ಬರೆಸುತ್ತಿದ್ದ. ಒಂದು ತಿಂಗಳು ಬರಲಿಲ್ಲ. ಕೇಳಿದರೆ ತಲೆ ತಗ್ಗಿಸಿದ. ಯಾರೋ ಕೊಟ್ಟ ಟಿಪ್ಪನ್ನು ನಂಬಿ ಭಾನುವಾರ ಮಹಾಲಕ್ಷ್ಮಿಗೆ ಹೋಗಿದ್ದನಂತೆ. ಎರಡು ವಾರಗಳ ಮೇಲೆ ಅವನ ತಾಯಿ ಬರೆಸಿದ ಕಾಗದ ಬಂದಿತು. ಅದನ್ನೂ ನಾವೇ ಓದಿ ಹೇಳಿದೆವು. ಹಣ ಯಾಕೆ ಬರಲಿಲ್ಲವೆಂದು ಅವಳು ಕೇಳಿರಲಿಲ್ಲ. ಮೈಯಲ್ಲಿ ಹುಷಾರಿದೆಯೇ ಎಂದಷ್ಟೇ ಕೇಳಿದ್ದಳು. ಆ ಹುಡುಗ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಊರು ಬಿಟ್ಟು ಬಂದು ದುಡಿಯುವವನ ಸಂಬಳದಲ್ಲಿ ಅವನಿಗೆ ಸೇರಿದ ಪಾಲು ಎಷ್ಟೆಂಬುದನ್ನು ನಾವು ಅಂದು ಕಲಿತೆವು.

ಆದುದರಿಂದ ರಾಯರ ಪ್ರಶ್ನೆಗೆ ನಮ್ಮ ಉತ್ತರವಿಷ್ಟು. ಮೇಣದ ಟ್ರ್ಯಾಕು ಬರಲಿ, ಸ್ವಾಗತ. ಕೇಡನ್ನು ಸಾವಿರಕ್ಕೆ ಒಂದರಷ್ಟಾದರೂ ಇಳಿಸುವ ಯಾವ ಉಪಾಯವನ್ನೂ, ಪೂರ್ತಿ ನೀಗಲಿಲ್ಲವೆಂಬ ಕಾರಣಕ್ಕೆ ಹೀಗಳೆಯುವುದು ಸಲ್ಲದು. ಆದರೆ ಅದು ಕುದುರೆಗೆ ಸಿಕ್ಕ ರಕ್ಷಣೆ. ಬಾಜಿ ಕಟ್ಟುವವನಿಗೆ ಸಿಕ್ಕ ಕ್ಷಮಾಪತ್ರವಲ್ಲ. ಅವನ ಮನಸ್ಸಿನ ಪರೀಕ್ಷೆ ಬೇರೆ. ಕುದುರೆ ಬದುಕುವ ನೆಲದ ಮೇಲೆ ತನ್ನ ಲೆಕ್ಕ ತಪ್ಪುವುದಾದರೆ, ಆಗಲೂ ಅವನು ಆ ನೆಲವನ್ನೇ ಬಯಸಬಲ್ಲನೆ? ಬಯಸಬಲ್ಲನಾದರೆ ಅವನಿಗೆ ಕುದುರೆಯ ಮೇಲೆ ಪ್ರೀತಿ ಇದೆಯೆಂದು ನಂಬೋಣ. ಇಲ್ಲವಾದರೆ ಅವನು ಪ್ರೀತಿಸಿದ್ದು ಪುಸ್ತಕದಲ್ಲಿನ ಅಂಕಿಗಳನ್ನು.

ಮೊನ್ನೆ ರಾಯರು ಸಿಕ್ಕಾಗ ಇದನ್ನು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಕುದುರೆ ಬಿದ್ದದ್ದನ್ನು ಒಂದು ಸಲ ಕಣ್ಣಾರೆ ನೋಡಿದೆ. ಆ ದಿನ ಮನೆಯಲ್ಲಿ, ರೇಸು ಸೋತೆ ಅಂತ ಮಾತ್ರ ಹೇಳಿದೆ. ಬಿದ್ದದ್ದನ್ನು ಹೇಳಲಿಲ್ಲ" ಎಂದರು. ಯಾಕೆ ಹೇಳಲಿಲ್ಲವೆಂದು ನಾವು ಕೇಳಲಿಲ್ಲ, ಅವರೂ ವಿವರಿಸಲಿಲ್ಲ. ಮುಂದಿನ ಭಾನುವಾರ ಅವರು ಮಹಾಲಕ್ಷ್ಮಿಗೆ ಹೋಗುವರೋ ಇಲ್ಲವೋ ಅದು ಅವರಿಗೆ ಬಿಟ್ಟದ್ದು. ಮನೆಯಲ್ಲಿ ಹೇಳಲಾಗದ ಮಾತೊಂದು ಉಳಿದಿದೆಯೆಂಬುದು ಅವರಿಗೆ ಗೊತ್ತಿದೆ. ಈ ವಿಚಾರಕ್ಕೆ ಸದ್ಯಕ್ಕೆ ಅಷ್ಟು ಸಾಕು.