ಪಾಠಶಾಲೆಯ ಪ್ರಶ್ನಕ್ರೀಡೆ ಮತ್ತು ವ್ರತಶುದ್ಧಿ

ಓಂ ನಮಃ ಸಿದ್ಧೇಭ್ಯಃ



ಜಿನಾಗಮವು ತಪಸ್ಸನ್ನು ಹನ್ನೆರಡು ಬಗೆಯಾಗಿ ವಿಂಗಡಿಸಿದೆ. ಅನಶನ, ಅವಮೌದರ್ಯ, ರಸಪರಿತ್ಯಾಗ ಮೊದಲಾದ ಆರು ಬಾಹ್ಯತಪಗಳು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಅಂತರಂಗತಪಗಳು. ಉಪವಾಸವು ತಪವೆಂಬುದನ್ನು ಒಪ್ಪದವರಿಲ್ಲ. ಸ್ವಾಧ್ಯಾಯವೂ ತಪವೇ, ಅದರಲ್ಲಿಯೂ ಒಳಗಿನ ತಪ ಎಂಬುದನ್ನು ಮಾತ್ರ ನಾವು ಮರೆಯುತ್ತಿದ್ದೇವೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸ್ವಾಧ್ಯಾಯಕ್ಕೆ ಐದು ಭೇದಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಪ್ರಶ್ನಿಸುವುದು, ಮನನ ಮಾಡುವುದು, ಶುದ್ಧವಾಗಿ ಮತ್ತೆ ಮತ್ತೆ ಪಠಿಸುವುದು, ಇತರರಿಗೆ ತಿಳಿಯಹೇಳುವುದು ಎಂದು ಇವುಗಳ ಭಾವ.

ಪಾಠಶಾಲೆಗಳಲ್ಲಿ ಮಕ್ಕಳನ್ನು ತಂಡಗಳಾಗಿ ಮಾಡಿ, ಕಲಿತ ಪಾಠವನ್ನು ಪ್ರಶ್ನೋತ್ತರದ ಆಟದಿಂದ ನೆನಪಿಗೆ ತರುವ ಪದ್ಧತಿಯುಂಟು. ಬಸದಿಯ ಅಂಗಳದಲ್ಲಿ ಆಟವು ತಕ್ಕುದೇ ಎಂದು ಕೆಲವು ಹಿರಿಯರು ಶಂಕಿಸುತ್ತಾರೆ. ಆಟವಿಲ್ಲದಿದ್ದರೆ ಮಕ್ಕಳು ಬಾರರೆಂದು ಶಿಕ್ಷಕರು ಉತ್ತರಿಸುತ್ತಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ತಂಡಗಳ ಈ ಆಟವು ಪೃಚ್ಛನಾ ಮತ್ತು ಆಮ್ನಾಯಗಳ ರೂಪವೇ ಆಗಬಲ್ಲದು. ಎಚ್ಚರ ತಪ್ಪಿದರೆ ಅದೇ ವ್ರತಕ್ಕೆ ಅತಿಚಾರವೂ ಆಗಬಲ್ಲದು.

ಅಪಾಯಗಳಾವುವು? ಮೊದಲನೆಯದು ಪಣ. ಸಪ್ತವ್ಯಸನಗಳಲ್ಲಿ ದ್ಯೂತವು ಮೊದಲನೆಯದು. ಸೋತವರು ಗೆದ್ದವರಿಗೆ ಇಂತಿಷ್ಟು ಕೊಡಬೇಕೆಂಬ ಒಪ್ಪಂದವು ಒಂದು ಬಳಪದ ತುಂಡಿನಷ್ಟೇ ಆದರೂ ದ್ಯೂತದ ಬೀಜವೇ ಸರಿ. ಎರಡನೆಯದು ಅಪಧ್ಯಾನ. ಇದು ಅನರ್ಥದಂಡದ ಒಂದು ಭೇದ. ನಮ್ಮ ಸೀಮೆಯ ಕನಕಗಿರಿಯಲ್ಲಿ ತಪಗೈದರೆಂದು ಪರಂಪರೆಯು ಸ್ಮರಿಸುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಪರರ ವಧೆ-ಬಂಧನಗಳನ್ನು ಚಿಂತಿಸುವುದರ ಜೊತೆಗೇ ಪರರ ಜಯ-ಪರಾಜಯಗಳನ್ನು ಮನದಲ್ಲಿ ಚಿಂತಿಸುವುದನ್ನೂ ಅಪಧ್ಯಾನದಲ್ಲಿ ಎಣಿಸಿದ್ದಾರೆ. ಎದುರು ತಂಡದ ಬಾಲಕನು ತಡವರಿಸಲೆಂದು ಹಾರೈಸುವ ಮಗುವು ಅಂದಿನ ಪಾಠವನ್ನು ಬಾಯಲ್ಲಿ ಹೇಳುತ್ತಾ ಮನದಲ್ಲಿ ಮೀರುತ್ತಿರುತ್ತದೆ. ಮೂರನೆಯದು ಜ್ಞಾನಮದ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೇಳುವಾಗ ಮೊದಲು ಹೆಸರಿಸಿದ್ದು ಇದನ್ನೇ.

ಹಾಗಾದರೆ ಆಟವನ್ನು ಬಿಡಬೇಕೆ? ಬೇಡ, ಅದನ್ನು ಧರ್ಮದ ಅಚ್ಚಿನಲ್ಲಿ ಎರಕ ಹೊಯ್ಯಬೇಕು. ದೊಡ್ಡ ನಗರಗಳಲ್ಲಿ ವಯಸ್ಸಿಗೊಂದು ತರಗತಿ ನಡೆಸುವಷ್ಟು ಮಕ್ಕಳು ದೊರೆತಾರು. ಕಪಿಲಾ ತೀರದ ಹುಲ್ಲಹಳ್ಳಿಯಂತಹ ಊರಿನಲ್ಲಿ ಪಾಠಶಾಲೆ ನಡೆಸಬಯಸುವವರು ಏಳು ವರ್ಷದ ಕೂಸನ್ನೂ ಹದಿನಾರರ ತರುಣನನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕಾದೀತು. ಅಲ್ಲಿ ಮಕ್ಕಳನ್ನು ಮೂರು ತಂಡಗಳಾಗಿ ಮಾಡಿ, ಪ್ರತಿಯೊಂದರಲ್ಲಿಯೂ ಹಿರಿಯರನ್ನೂ ಕಿರಿಯರನ್ನೂ ಬೆರೆಸಿ, ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ ಎಂದು ಹೆಸರಿಡಿರಿ. ಈ ಮೂರೂ ಕೂಡಿದರೆ ಮೋಕ್ಷಮಾರ್ಗ, ಬಿಡಿಬಿಡಿಯಾಗಿ ಅಲ್ಲ. ಆದುದರಿಂದ ಅಂಕಗಳನ್ನು ಬೇರೆಬೇರೆಯಾಗಿ ಘೋಷಿಸದೆ ಮೂರನ್ನೂ ಕೂಡಿಸಿ ಎಣಿಸಿರಿ. ಒಟ್ಟು ಮೊತ್ತವು ಗೊತ್ತುಪಡಿಸಿದ ಗುರಿಯನ್ನು ಮುಟ್ಟಿದರೆ ಎಲ್ಲರೂ ಗೆದ್ದರು; ಒಂದು ತಂಡ ಹಿಂದುಳಿದರೆ ಎಲ್ಲರೂ ಹಿಂದುಳಿದರು. ಆಗ ಚುರುಕಾದ ಮಗುವು ಮಂದನಾದವನನ್ನು ಹಳಿಯದೆ, ಅವನಿಗೆ ಕಲಿಸಲು ತಾನಾಗಿ ಮುಂದಾಗುತ್ತದೆ.

ಆಟಕ್ಕೆ ಸಾಮಗ್ರಿ ಬೇಕಾದಷ್ಟಿದೆ. ದಶಧರ್ಮಗಳನ್ನು ಹತ್ತು ಚೀಟಿಗಳಲ್ಲಿ ಬರೆದು ಕಲಸಿ, ಉತ್ತಮ ಕ್ಷಮೆಯಿಂದ ಬ್ರಹ್ಮಚರ್ಯದವರೆಗೆ ಕ್ರಮವಾಗಿ ಜೋಡಿಸಲು ಹೇಳಬಹುದು. ಶ್ರಾವಕನ 12 ವ್ರತಗಳನ್ನು 5 ಅಣುವ್ರತ, 3 ಗುಣವ್ರತ, 4 ಶಿಕ್ಷಾವ್ರತಗಳೆಂದು ಮೂರು ತಟ್ಟೆಗಳಿಗೆ ಹಂಚಿಸಬಹುದು. ಕಿರಿಯರಿಗೆ 24 ತೀರ್ಥಂಕರರ ಲಾಂಛನಗಳು ಸಾಕು: ವೃಷಭನಾಥರಿಗೆ ಎತ್ತು, ನೇಮಿನಾಥರಿಗೆ ಶಂಖ, ಪಾರ್ಶ್ವನಾಥರಿಗೆ ಸರ್ಪ, ವರ್ಧಮಾನರಿಗೆ ಸಿಂಹ. ಓಡಾಟ, ತಳ್ಳಾಟ ಬೇಡ; ನೋಡದೆ ಓಡುವ ಕಾಲಿಗೆ ಸಿಕ್ಕುವ ಇರುವೆಯೂ ಜೀವವೇ. ಸೂರ್ಯಾಸ್ತಕ್ಕೆ ಮುನ್ನ ಮಕ್ಕಳು ಮನೆ ಸೇರಿ ಊಟ ಮುಗಿಸುವಂತೆ ತರಗತಿಯನ್ನು ಬಿಡಬೇಕು.

ಆಟದ ನಿಯಮಗಳನ್ನು ಸಮ್ಯಕ್ತ್ವದ ಅಂಗಗಳಿಂದಲೇ ತೆಗೆದುಕೊಳ್ಳೋಣ. ತಪ್ಪಿದವನನ್ನು ನೋಡಿ ನಗದಿರುವುದು ಉಪಗೂಹನ. ಮರೆತವನಿಗೆ ಸುಳಿವನ್ನಿತ್ತು ನಿಲ್ಲಿಸುವುದು ಸ್ಥಿತಿಕರಣ. ಎದುರು ತಂಡದ ಸರಿಯುತ್ತರಕ್ಕೆ ಮೊದಲು ಸಂತೋಷಪಡುವುದು ವಾತ್ಸಲ್ಯ. ಎಂಟು ಅಂಗಗಳ ಹೆಸರನ್ನು ಒಪ್ಪಿಸಿದ ಮಗುವಿಗಿಂತ ಇವುಗಳಲ್ಲಿ ಒಂದನ್ನು ಆಚರಿಸಿದ ಮಗುವು ಹೆಚ್ಚು ಕಲಿತಿದೆ.

ಸೋತವರಿಗೆ ಗೌತಮ ಗಣಧರರ ಕಥೆಯನ್ನು ಹೇಳಿರಿ. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದ ಮೇಲೂ 66 ದಿನ ದಿವ್ಯಧ್ವನಿಯು ಹೊರಡಲಿಲ್ಲ. ಇಂದ್ರನು ವೇಷ ಮರೆಸಿ ಬಂದು ಮಹಾಪಂಡಿತನಾದ ಇಂದ್ರಭೂತಿಗೆ ಒಂದು ಪ್ರಶ್ನೆಯನ್ನಿಟ್ಟನು. ಪಂಡಿತನಿಗೆ ಉತ್ತರ ತೋಚಲಿಲ್ಲ. ವಾದಕ್ಕೆಂದು ಸಮವಸರಣಕ್ಕೆ ಬಂದವನು ಮಾನಸ್ತಂಭವನ್ನು ಕಂಡೊಡನೆ ಮಾನವನ್ನು ಕಳೆದುಕೊಂಡು ಪ್ರಥಮ ಗಣಧರನಾದನು. ಉತ್ತರ ಬಾರದ ಆ ಒಂದು ಪ್ರಶ್ನೆಯಿಂದ ಲೋಕಕ್ಕೆ ಜಿನವಾಣಿ ದೊರೆಯಿತು.

ಗೆದ್ದವರಿಗೆ ಬಾಹುಬಲಿಯನ್ನು ತೋರಿಸಿರಿ. ಸೇನೆಗಳ ರಕ್ತ ಹರಿಯಬಾರದೆಂದು ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಿಗಷ್ಟೇ ನಿಂತರು. ಮೂರರಲ್ಲಿಯೂ ಗೆದ್ದ ತಮ್ಮನು ಗೆಲುವನ್ನೇ ತ್ಯಜಿಸಿ ತಪಕ್ಕೆ ನಡೆದನು. ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರಕ್ಕೆ ನಿಂತಿರುವುದು, ನಮ್ಮದೇ ಜಿಲ್ಲೆಯ ಗೊಮ್ಮಟಗಿರಿಯಲ್ಲಿ ನಿಂತಿರುವುದು ಗೆಲುವನ್ನು ಬಿಟ್ಟುಕೊಟ್ಟ ಆ ಮೂರ್ತಿಯೇ.

ಕೊನೆಯದಾಗಿ, ಈ ಪತ್ರಿಕೆಯ ಓದುಗರಿಗೆ ಅತ್ಯಂತ ಮುಖ್ಯವಾದ ಮಾತು. ದಶಲಕ್ಷಣ ಪರ್ವ ಬಂದಾಗ, ಯಾರು ಎಷ್ಟು ಉಪವಾಸ ಮಾಡಿದರೆಂದು ಲೆಕ್ಕಹಾಕಿ ತಂಡಕ್ಕೆ ಅಂಕ ಕೊಡುವ ಆಸೆ ಶಿಕ್ಷಕರಲ್ಲಿ ಹುಟ್ಟಬಹುದು. ಅದನ್ನು ಎಂದಿಗೂ ಮಾಡಬಾರದು. ಉಪವಾಸವೆಂದರೆ ಅನ್ನ, ಪಾನ, ಖಾದ್ಯ, ಲೇಹ್ಯಗಳ ತ್ಯಾಗವೇನೆಂದು ಪ್ರಶ್ನೆ ಕೇಳಿರಿ, ಉತ್ತರಕ್ಕೆ ಅಂಕ ಕೊಡಿರಿ. ಉಪವಾಸಕ್ಕೆ ಅಂಕ ಬೇಡ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಶಕ್ತ್ಯನುಸಾರವಾಗಿ ಆಚರಿಸಬೇಕೆಂದು ಹೇಳಿದೆ. ತಂಡ ಸೋತೀತೆಂಬ ಭಯದಿಂದ ಒಂದು ಹಸುಳೆಯು ಶಕ್ತಿಮೀರಿ ಹಸಿದರೆ ದೇಹವೂ ಕುಗ್ಗುತ್ತದೆ. ಗುಟ್ಟಾಗಿ ತಿಂದು ಉಪವಾಸವೆಂದು ಹೇಳಿದರೆ ಸತ್ಯವ್ರತವೂ ಮುರಿಯುತ್ತದೆ. ಏಕಭುಕ್ತವನ್ನು ಮನಃಪೂರ್ವಕ ನಡೆಸಿದ ಮಗುವು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಕರ್ಮನಿರ್ಜರೆಯನ್ನು ಕರಿಹಲಗೆಯ ಮೇಲೆ ಬರೆಯಲಾಗದು.

ಆದುದರಿಂದ ಸಜ್ಜನರೇ, ಮಕ್ಕಳು ಆಡಲಿ, ಪ್ರಶ್ನಿಸಲಿ, ನಗಲಿ. ಆಟ ಮುಗಿದ ಮೇಲೆ ಮೂರು ತಂಡಗಳೂ ಎದುರುಬದುರು ನಿಂತು ಕೈಮುಗಿದು ಪರಸ್ಪರ ಕ್ಷಮೆ ಕೋರಲಿ. ಕ್ಷಮಾವಣಿಯ ದಿನ ಹಿರಿಯರಾದ ನಾವು ಮಾಡಬೇಕಾದುದನ್ನು ಅವರು ವಾರವಾರವೂ ಅಭ್ಯಾಸ ಮಾಡಿದಂತಾಗುವುದು.

ಭದ್ರಂ ಭೂಯಾತ್.