ಹಿರಿಯ ತಾಯಿಯ ಸ್ಮರಣೆ: ಸ್ತುತಿಯೋ, ಋಣವೋ?

ಮನೆಯ ಹಿರಿಯ ತಾಯಿಯೊಬ್ಬಳು ತೊಂಬತ್ತು ವರುಷಗಳನ್ನು ದಾಟಿ ಲಿಂಗೈಕ್ಯಳಾದಾಗ ಬಂಧುಬಳಗದವರು ಆಡುವ ಮಾತುಗಳು ಎಲ್ಲ ಮನೆಗಳಲ್ಲಿಯೂ ಬಹುಮಟ್ಟಿಗೆ ಒಂದೇ. ‘ತುಂಬಿದ ಬಾಳು ಬಾಳಿದಳು, ಮರಿಮಕ್ಕಳನ್ನು ಕಂಡಳು, ತನಗೆಂದು ಏನನ್ನೂ ಬೇಡಲಿಲ್ಲ’ ಎನ್ನುವರು. ಮೊದಲೆರಡು ಮಾತುಗಳಲ್ಲಿ ವಿವಾದವಿಲ್ಲ. ಮೂರನೆಯದನ್ನು ಮಾತ್ರ ಶರಣರ ವಿಚಾರದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯವೆಂದು ನನಗೆ ತೋರುತ್ತದೆ. ಏನನ್ನೂ ಬೇಡದಿದ್ದುದು ಆ ತಾಯಿಯ ನಿಷ್ಕಾಮ ದಾಸೋಹವೋ, ಬೇಡಿದರೂ ದೊರೆಯಲಾರದೆಂಬ ತಿಳಿವಿನಿಂದ ಹುಟ್ಟಿದ ಮೌನವೋ? ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ತೆರನಾಗಿ ಕಾಣಿಸುವವು.

ಹೆಣ್ಣುಮಗುವಿಗೂ ಗಂಡುಮಗುವಿಗೂ ಲಿಂಗಧಾರಣೆಯಲ್ಲಿ ನಮ್ಮವರು ಭೇದವೆಣಿಸಿಲ್ಲ. ಪತಿಯ ಮುಖಾಂತರವಾಗಿ ಆಕೆಗೆ ಲಿಂಗಸಂಬಂಧ ಬರತಕ್ಕದ್ದಲ್ಲ. ಮದುವೆಗೆ ಎಷ್ಟೋ ಮೊದಲೇ ಅಂಗದ ಮೇಲೆ ಬಂದ ಇಷ್ಟಲಿಂಗವು ಆಕೆಯದೇ. ಕೊನೆಗೆ ಸಮಾಧಿಯಲ್ಲಿಯೂ ಗಂಡಸಿನಂತೆಯೇ ಆಕೆಯನ್ನು ಕುಳ್ಳಿರಿಸಿ, ಅದೇ ಲಿಂಗವನ್ನು ಕರಸ್ಥಲದಲ್ಲಿಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣು ಕೊಡುವರು. ಹೀಗೆ ಬಾಳಿನ ಎರಡು ತುದಿಗಳಲ್ಲಿ ಸಮಾನತೆಯು ಅಚ್ಚಳಿಯದೆ ಉಳಿದು ಬಂದಿದೆ. ವಿಚಾರಿಸಬೇಕಾದುದು ನಡುವಣ ತೊಂಬತ್ತು ವರುಷಗಳ ಮಾತು.

ನಮ್ಮ ಮನೆಯ ಆಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ವಿಜಾಪುರ ಸೀಮೆಯ ಒಕ್ಕಲುತನದ ಮನೆ. 1927ರಲ್ಲಿ ಹುಟ್ಟಿ 96 ವರುಷ ಬಾಳಿದವಳು. ಹದಿನಾಲ್ಕರಲ್ಲಿ ಮದುವೆಯಾಗಿ ಬಂದು ನಡುಮನೆಯ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿಯೇ 1942-43ರ ಬರವನ್ನು ಕಂಡಳು. ಸಿಡುಬಿನಲ್ಲಿ ಒಂದು ಕೂಸನ್ನು, ಹೆಸರಿಲ್ಲದ ಜ್ವರದಲ್ಲಿ ಇನ್ನೊಂದನ್ನು ಕಳೆದುಕೊಂಡಳು. ದೀರ್ಘಾಯುಷ್ಯವನ್ನು ವರವೆಂದು ಹೊಗಳುವವರು ಅದರ ಈ ಮಗ್ಗುಲನ್ನು ಮರೆಯುತ್ತಾರೆ. ಬಹಳ ಕಾಲ ಬಾಳುವವರು ಬಹಳ ಜನಕ್ಕೆ ಮಣ್ಣು ಕೊಟ್ಟಿರುತ್ತಾರೆ. ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಬಾಳೂ ಇಂಥದೇ. ಕಲ್ಯಾಣವು ಒಡೆದ ಮೇಲೆ ಮಗ ಚೆನ್ನಬಸವಣ್ಣನೊಡನೆ ಉಳವಿಯ ಕಡೆಗೆ ನಡೆದಳೆಂದೂ, ಮಗನನ್ನು ಕಳೆದುಕೊಂಡ ಬಳಿಕ ತರೀಕೆರೆಯ ಬಳಿಯ ಎಣ್ಣೆಹೊಳೆಯನ್ನು ಸೇರಿದಳೆಂದೂ ಪರಂಪರೆಯು ಹೇಳುತ್ತದೆ. ಆಕೆಯನ್ನು ನಾವು ಇಂಥವರ ಅಕ್ಕ, ಇಂಥವರ ತಾಯಿ ಎಂದೇ ಗುರುತಿಸುವೆವು. ಆದರೆ ಆಕೆಗೆ ಸ್ವಂತ ಅಂಕಿತವಿತ್ತು, ಸ್ವಂತ ವಚನಗಳಿದ್ದವು.

ಆಯಿಯ ಗಣಾರಾಧನೆಯ ದಿನ ಮಾತನಾಡಿದವರೆಲ್ಲರೂ ಆಕೆ ಎಲ್ಲರ ಕೊನೆಗೆ ಉಂಡುದನ್ನು ಹೇಳಿದರು. ಅದು ನಿಜವೇ. ಉಳಿದ ರೊಟ್ಟಿ, ತಳದ ಪಲ್ಯ, ಇದ್ದರೆ ಮಜ್ಜಿಗೆ. ಆದರೆ 1972ರ ಬರಗಾಲದ ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ಆಗ ಹಗೇವಿನಲ್ಲಿ ಹಿಂದಿನ ಸುಗ್ಗಿಯ ಜೋಳವಿತ್ತು. ಧಾರಣೆಯು ದಿನಕ್ಕೆ ದಿನ ಏರುತ್ತಿದ್ದುದರಿಂದ ಇನ್ನೆರಡು ತಿಂಗಳು ಹಗೇವಿನ ಬಾಯಿ ತೆರೆಯುವುದು ಬೇಡವೆಂದು ನಮ್ಮ ಅಜ್ಜನವರ ಅಭಿಪ್ರಾಯ. ಹೊಲದಲ್ಲಿ ದುಡಿಯುವ ಏಳೆಂಟು ಮನೆಗಳಲ್ಲಿ ಕಾಳು ತೀರಿತ್ತು. ಆಯಿ ವಾದಿಸಲಿಲ್ಲ. ‘ಕೂಲಿಯವರ ಮನೀ ಒಲಿ ಹತ್ತೂತನಕಾ ಈ ಮನೀ ಒಲೀನೂ ಹತ್ತೂದಿಲ್ಲ’ ಎಂದು ಪಡಸಾಲೆಯಲ್ಲಿ ಕುಳಿತುಬಿಟ್ಟಳು. ಲಿಂಗಪೂಜೆ ಮುಗಿಸಿ ಪ್ರಸಾದಕ್ಕೆಂದು ಬಂದ ಅಜ್ಜನವರಿಗೆ ಬರಿಯ ಬೂದಿಯೇ ಕಂಡಿತು. ಮರುದಿನ ಮುಂಜಾನೆ ಹಗೇವು ತೆರೆಯಿತು.

ಈ ಸಂಗತಿಯನ್ನು ಕೇಳಿದ ವಚನಾಭ್ಯಾಸಿಗಳಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರಲಾರದು. ಆಯ್ದು ತರುವ ಅಕ್ಕಿಯಲ್ಲಿ ಎಂದಿಗಿಂತ ಹೆಚ್ಚು ತಂದ ಗಂಡ ಮಾರಯ್ಯನನ್ನು ಪ್ರಶ್ನಿಸಿ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಆಕೆ ಹಿಂದಕ್ಕೆ ಕಳುಹಿಸಿದಳು. ಲಕ್ಕಮ್ಮನ ದಾಸೋಹವು ದಾಸೋಹವಾದುದು ಆಕೆ ದುಡಿದಳೆಂಬುದರಿಂದ ಮಾತ್ರವಲ್ಲ. ಬೇಡವೆನ್ನುವ ಅಧಿಕಾರ ಆಕೆಯ ಕೈಯಲ್ಲಿತ್ತು, ಗಂಡನು ಆ ಮಾತಿಗೆ ತಲೆಬಾಗಿದನು. ಬೇಡವೆನ್ನಲು ಬಾರದವಳು ಮಾಡುವ ಚಾಕರಿಗೆ ಬೇರೆ ಹೆಸರುಂಟು. ಆದುದರಿಂದ ಹಿರಿಯ ತಾಯಂದಿರನ್ನು ಕೊಂಡಾಡುವಾಗ ಅವರ ತಾಳ್ಮೆಯನ್ನು ಹೇಳಿ ಅವರ ನಿರಾಕರಣೆಯನ್ನು ಬಿಟ್ಟರೆ ಅರ್ಧ ಬಾಳನ್ನು ಮುಚ್ಚಿಟ್ಟಂತೆಯೇ ಸರಿ. ನಮಗೆ ಅನುಕೂಲವಾದ ಅರ್ಧವನ್ನು ಆರಿಸಿಕೊಂಡು ಅದಕ್ಕೆ ತ್ಯಾಗವೆಂಬ ಹೆಸರಿಟ್ಟು ಹೂವೇರಿಸುವುದು ಬಹಳ ಸುಲಭ.

ತ್ಯಾಗದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕಾಗಿದೆ. ಆಯಿಯ ತಂದೆಯವರು ತೀರಿಕೊಂಡುದು 1961ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಮೇರೆಗೆ ಅವರ ಪಾಲಿನಲ್ಲಿ ಹೆಣ್ಣುಮಕ್ಕಳಿಗೂ ಅಂಶವಿತ್ತು. ಒಂದು ಕಾಗದ ಬಂದಿತು. ಅಕ್ಕತಂಗಿಯರು ಮೂವರೂ ಹೆಬ್ಬೆಟ್ಟು ಒತ್ತಿದರು. ವರುಷಕ್ಕೊಮ್ಮೆ ಪಂಚಮಿಗೆ ತವರಿನಿಂದ ಸೀರೆ ಬರುತ್ತಿತ್ತು. ಬಹುಕಾಲದ ಬಳಿಕ ಆಯಿ ಒಮ್ಮೆ ನಗುತ್ತ, ‘ಆ ಕಾಗದದಾಗ ಏನೈತಿ ಅಂತ ಓದಿ ಹೇಳಿದವರು ಯಾರೂ ಇರಲಿಲ್ಲ’ ಎಂದಳು. ತವರಿನ ಮೇಲೆ ಆಕೆಗೆ ಸಿಟ್ಟಿರಲಿಲ್ಲವೆಂಬುದು ದಿಟ. ಆದರೂ ತನ್ನದೆಂದು ತಿಳಿಯದುದನ್ನು ಬಿಟ್ಟವಳನ್ನು ತ್ಯಾಗಿಯೆಂದು ಕರೆಯುವುದು ಹೇಗೆ? ಬಸವಾದಿ ಪ್ರಮಥರು ಅರಿವಿಗೆ ಮೊದಲ ಸ್ಥಾನವನ್ನು ಕೊಟ್ಟರು. ಅರಿವಿಲ್ಲದೆ ಮಾಡಿದ ಪೂಜೆಯೇ ಅವರಿಗೆ ಒಪ್ಪಿಗೆಯಾಗಲಿಲ್ಲವೆಂದ ಮೇಲೆ, ಅರಿವಿಲ್ಲದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗುವುದೆಂತು?

ಇದು ಅಂದಿನ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ 1994ರಿಂದ, ದೇಶದಲ್ಲೆಲ್ಲ 2005ರಿಂದ ಹೆಣ್ಣುಮಕ್ಕಳು ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಭಾಗಿಗಳು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದರೂ ಹಿರಿಯಳ ಸಮಾಧಿಯ ಮಣ್ಣು ಆರುವ ಮೊದಲೇ ಹಕ್ಕುಬಿಡುಗಡೆಯ ಪತ್ರವನ್ನು ಅಕ್ಕತಂಗಿಯರ ಮುಂದೆ ಹಿಡಿಯುವ ಮನೆಗಳು ಎಷ್ಟೋ ಇವೆ. ‘ನಮ್ಮವ್ವ ಏನನ್ನೂ ಬೇಡಲಿಲ್ಲ’ ಎಂಬ ಸ್ತುತಿಯು ಆ ಸಂದರ್ಭದಲ್ಲಿ ಮಗಳಿಗೆ ಹಾಕುವ ಬೇಡಿಯಾಗುತ್ತದೆ. ಅಂಶವನ್ನು ಪಡೆಯುವುದೂ ಬಿಡುವುದೂ ಆ ಮಗಳಿಗೆ ಸೇರಿದುದು. ಬಿಟ್ಟುಕೊಟ್ಟರೆ ತಿಳಿದು ಬಿಟ್ಟುಕೊಡಲಿ, ಕೇಳಿದರೆ ತವರಿನ ಬಾಗಿಲು ಮುಚ್ಚದಿರಲಿ.

ಹೆಸರಿನ ವಿಷಯವೂ ಇದಕ್ಕೆ ಹೊಂದಿಕೊಂಡುದೇ. ನೂಲು ತೆಗೆಯುವ ಕಾಯಕದ ಕದಿರೆ ರೆಮ್ಮವ್ವೆಯ ಹೆಸರನ್ನು ಎಂಟುನೂರು ವರುಷಗಳಿಗೂ ಹಿಂದಿನಿಂದ ನಾವು ಬಲ್ಲೆವು. ಮೂವತ್ತಕ್ಕೂ ಮಿಕ್ಕಿ ಶರಣೆಯರ ವಚನಗಳು ನಮಗೆ ದೊರೆತಿವೆ. ಯಾರೋ ಅವನ್ನು ಓಲೆಯ ಮೇಲೆ ಬರೆದಿಟ್ಟರು, ಫ. ಗು. ಹಳಕಟ್ಟಿಯವರಂಥವರು ಮನೆ ಮಾರಿಯಾದರೂ ಮುದ್ರಣಾಲಯವನ್ನು ನಡೆಸಿ ವಚನಗಳನ್ನು ಬೆಳಕಿಗೆ ತಂದರು. ಆದರೆ ನಮ್ಮ ಅಜ್ಜಿಯ ತಾಯಿಯ ಹೆಸರೇನೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲರು? ಸೀಮೆಯ ರೂಢಿಯಂತೆ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುವುದುಂಟು. ತವರಿನ ಹೆಸರು ತವರಿನಲ್ಲಿ ಅಳಿಯುತ್ತದೆ, ಗಂಡನ ಮನೆಯ ಹೆಸರು ಎರಡು ತಲೆಗಳಲ್ಲಿ.

ಆಯಿಯ ಗದ್ದುಗೆಗೆ ಕಲ್ಲು ನಿಲ್ಲಿಸುವ ಮಾತು ಬಂದಾಗ ಈ ಚರ್ಚೆ ನಮ್ಮ ಮನೆಯಲ್ಲಿಯೂ ನಡೆಯಿತು. ಇಂಥವರ ಧರ್ಮಪತ್ನಿ ಎಂದು ಬರೆಯಿಸಿದರೆ ಸಾಕೆಂದು ಕೆಲವರು ಅಂದರು. ‘ಅಣ್ಣಾ, ಲಿಂಗಾ ಕಟ್ಟಿದ ದಿನ ಅಕೀಗೆ ಯಾವ ಹೆಸರಿತ್ತೋ ಅದು ಮೊದಲು ಬರಲಿ’ ಎಂದು ಕಿರಿಯ ಅತ್ತೆಯವರು ನಮ್ಮ ತಂದೆಯವರಿಗೆ ಹೇಳಿದರು. ಆ ಹೆಸರನ್ನು ಬಲ್ಲವರು ಈಗ ಆಯಿಯ ತಂಗಿಯೊಬ್ಬರೇ. ಅವರಿಂದ ಕೇಳಿ ಬರೆದುಕೊಂಡದ್ದಾಯಿತು. ಕಲ್ಲುಕುಟಿಗನು ಎರಡು ಹೆಸರುಗಳಿಗೂ ಜಾಗ ಹಿಡಿದು, ಸುಣ್ಣದ ಗೆರೆ ಹಾಕಿಕೊಂಡು ಹೋಗಿದ್ದಾನೆ.