ಇದರಲ್ಲಿ ನಿಂದೆಷ್ಟು?

ಶಿವಮೊಗ್ಗದ ನನ್ನ ಸೋದರಮಾವನಿಗೆ ಬೆಳಿಗ್ಗೆ ತುಂಗೆಯ ದಡದಲ್ಲಿ ಒಂದು ಸುತ್ತು ಹಾಕದಿದ್ದರೆ ಕಾಫಿ ರುಚಿಸೋದಿಲ್ಲ. ಬಸವೇಶ್ವರನಗರದ ನಮ್ಮ ಮನೆಗೆ ಬಂದ ಎರಡನೇ ದಿನವೇ ಕೇಳಿದರು: "ನಿಮ್ಮೂರಲ್ಲಿ ಹೊಳೆ ಇಲ್ವೇನೋ?"

"ಇದೆ ಮಾವ, ವೃಷಭಾವತಿ" ಅಂದೆ. ಅಂದ ಮೇಲೆ ತೋರಿಸಬೇಕಲ್ಲ!

ವಿಜಯನಗರದಲ್ಲಿ ಮೆಟ್ರೋ ಹತ್ತಿ ದೀಪಾಂಜಲಿನಗರದಲ್ಲಿ ಇಳಿದೆವು. ಗಾಳಿ ಆಂಜನೇಯನಿಗೆ ಕೈಮುಗಿದು ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ಕಡೆ ನಡೆದೆವು. ಪಕ್ಕದಲ್ಲೇ ನದಿ. ಗೋಡೆಗಳ ನಡುವೆ ಕಪ್ಪು ನೀರು, ಅಲ್ಲಲ್ಲಿ ಬಿಳಿ ನೊರೆ. ನಾನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಗೈಡ್ ಥರ ವಿವರಿಸಿದೆ: ಬಸವನಗುಡಿಯ ದೊಡ್ಡಬಸವನ ಪಾದದಲ್ಲಿ ಹುಟ್ಟುತ್ತಾಳೆ ಅಂತ ನಂಬಿಕೆ, ಅದಕ್ಕೇ ಈ ಹೆಸರು.

ಮಾವ ಕನ್ನಡ ಮೇಷ್ಟ್ರಾಗಿದ್ದವರು. "ವೃಷಭ ಅಂದ್ರೂ ಬಸವನೇ ಅಲ್ವೇನೋ? ನಿಮ್ಮ ಬಡಾವಣೆಗೂ ಇವಳಿಗೂ ಒಂದೇ ಹೆಸರು" ಅಂದರು. ಆಮೇಲೆ ನೀರನ್ನೇ ನೋಡುತ್ತಾ, "ಇದ್ರಲ್ಲಿ ನಿಂದೆಷ್ಟು?"

ತಮಾಷೆಗೆ ಕೇಳಿದ್ದು. ಆದರೂ ಚುಚ್ಚಿತು. ನಮ್ಮ ನಲ್ಲಿಗೆ ಬರುವ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರಕ್ಕೆ, 500 ಮೀಟರ್‌ನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ನಾವು ಬಳಸಿ ಬಿಟ್ಟದ್ದು ಈ ಕಣಿವೆಗೆ ಇಳಿಯುತ್ತದೆ. ಒಂದಷ್ಟು ಶುದ್ಧೀಕರಣವಾಗಿ, ಉಳಿದದ್ದು ಹಾಗೇ, ಕಾರ್ಖಾನೆಗಳ ಕೊಳೆಯ ಜೊತೆ ಕೆಂಗೇರಿ ದಾಟಿ ಬೈರಮಂಗಲದ ಕೆರೆ ಸೇರುತ್ತದೆ. 1940ರ ದಶಕದಲ್ಲಿ ಆ ಕೆರೆ ಕಟ್ಟಿದ್ದು ಹೊಲಗದ್ದೆಗೆ ನೀರು ಕೊಡಲಿಕ್ಕೆ. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಮತ್ತೆ ಕಾವೇರಿ. ಕಡುಬೇಸಿಗೆಯಲ್ಲೂ ವೃಷಭಾವತಿ ಬತ್ತೋದಿಲ್ಲ. ನಮ್ಮ ಬಚ್ಚಲು ಬತ್ತೋದಿಲ್ಲವಲ್ಲ.

ಲಕ್ಷಾಂತರ ಮನೆಗಳಲ್ಲಿ ನನ್ನದೊಂದು. ನನ್ನ ಪಾಲು ಲೆಕ್ಕಕ್ಕೇ ಇಲ್ಲ. ನಿಜ. ಆದರೆ ಈ ಮಾತನ್ನು ಅಷ್ಟೂ ಮನೆಯವರು ಹೇಳಬಹುದು. ಎಲ್ಲರೂ ನಿರಪರಾಧಿಗಳು, ನದಿ ಮಾತ್ರ ಸತ್ತಿದೆ. ಇದು ಯಾವ ಲೆಕ್ಕ?

ದಡಕ್ಕೆ ಟೈಲ್ಸ್ ಹಾಕಿ, ಬೆಂಚು ಇಟ್ಟು ವಾಕಿಂಗ್ ಪಾತ್ ಮಾಡಿದರೆ ಎಷ್ಟು ಚೆನ್ನ ಅಂತ ನನಗೂ ಅನ್ನಿಸಿದ್ದುಂಟು. ಲಂಡನ್ನಿನಲ್ಲಿ 1858ರ ಬೇಸಿಗೆ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಗೇ ನುಗ್ಗಿತು; ಆಮೇಲೇ ಕೆಲಸ ಚುರುಕಾಯಿತು. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಮೇಲೆ ಪ್ರವಾಸಿಗರು ಇವತ್ತಿಗೂ ಅಡ್ಡಾಡುತ್ತಾರೆ. ಅದರ ಒಡಲಲ್ಲೇ ದೊಡ್ಡ ಒಳಚರಂಡಿಯಿದೆ. ಆದರೆ ಆ ಕೊಳೆಯನ್ನು ಮೊದಮೊದಲು ಊರ ಪೂರ್ವಕ್ಕೆ ಒಯ್ದು ಹಾಗೇ ನದಿಗೆ ಬಿಡುತ್ತಿದ್ದರು. ನಡೆಯುವವರ ಮೂಗು ಬಚಾವಾಯಿತು, ನಾತ ಕೆಳಗಿನವರ ಪಾಲಾಯಿತು. ಹಾಗಾಗಿ ನಾನು ಕರವಸ್ತ್ರ ತೆಗೆದು ನಡೆಯುವಂತಾದರೆ ಸಾಲದು, ಬೈರಮಂಗಲದ ರೈತ ಆ ನೀರಿಗೆ ಕೈ ಅದ್ದುವಂತಾಗಬೇಕು.

ಮಾವ ಊರಿಗೆ ಹೋದ ಮೇಲೆ ಪ್ಲಂಬರ್‌ನನ್ನು ಕರೆಸಿ, ನಮ್ಮನೆಯ ಯಾವ ನೀರು ಎಲ್ಲಿಗೆ ಹೋಗುತ್ತೆ ನೋಡಪ್ಪಾ ಅಂದೆ. ಬಚ್ಚಲಿನದು ಒಳಚರಂಡಿಗೆ ಹೋಗುತ್ತಿತ್ತು. ತಾರಸಿಯ ವಾಷಿಂಗ್ ಮಷೀನಿನ ಸೋಪಿನ ನೀರು ಮಾತ್ರ ಮಳೆನೀರಿನ ಪೈಪಿನಲ್ಲಿಳಿದು ನೇರ ಮೋರಿಗೆ, ಅಲ್ಲಿಂದ ರಾಜಕಾಲುವೆಗೆ. ಇಪ್ಪತ್ತು ವರ್ಷ ಇದ್ದ ಮನೆ!

ಪೈಪು ಬದಲಾಯಿಸಿದೆ. ಅಷ್ಟಕ್ಕೇ ನದಿ ತಿಳಿಯಾಗೋದಿಲ್ಲ, ಗೊತ್ತು. ಆದರೆ ಅವತ್ತು ಕಂಡ ನೊರೆಯಲ್ಲಿ ನಂದೂ ಸ್ವಲ್ಪ ಇತ್ತು. ಮಾವನಿಗೆ ಫೋನ್ ಮಾಡಿ ಹೇಳಿದೆ.